ಕುಡಿಯುವ ನೀರಿನಲ್ಲಿ ಆರ್ಸೆನಿಕ್: ವಿದ್ಯುತ್ತಿನಿಂದ ಅಳೆಯುವ ಬಗೆ

ಆರ್ಸೆನಿಕ್ ಬೆರೆತ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ವ್ಯತ್ಯಾಸವಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಯುವಿ ದೀಪದ ಕೆಳಗೆ ಹಾಯಿಸಿದರೂ ಅದು ಇದ್ದಲ್ಲೇ ಇರುತ್ತದೆ. ಕುಡಿದವರಿಗೆ ಅಂದೇ ಹೊಟ್ಟೆನೋವು ಬರುವುದಿಲ್ಲ, ವಾಂತಿಯಾಗುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಚರ್ಮದ ಮೇಲೆ ಗುರುತು ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ವಿಷ ದೇಹದಲ್ಲಿ ಬಹಳಷ್ಟು ಕೆಲಸ ಮಾಡಿ ಮುಗಿಸಿರುತ್ತದೆ. ಆದ್ದರಿಂದ ನೀರನ್ನು ಮೊದಲೇ ಪರೀಕ್ಷಿಸುವುದೊಂದೇ ದಾರಿ. ಆ ಪರೀಕ್ಷೆಯನ್ನು ದೊಡ್ಡ ಪ್ರಯೋಗಾಲಯದಿಂದ ಕೊಳವೆಬಾವಿಯ ಹತ್ತಿರಕ್ಕೆ ತರಬಲ್ಲ ವಿಧಾನಗಳಲ್ಲಿ ವಿದ್ಯುದ್ರಸಾಯನದ ವಿಧಾನ ಮುಖ್ಯವಾದುದು.

ಮೈಸೂರಿಗೆ ಈ ಮಾತು ಏಕೆ

ಮೈಸೂರು ನಗರಕ್ಕೆ ನದಿಯ ನೀರು ಬರುತ್ತದೆ. ಹೊಂಗಳ್ಳಿ, ಮೇಳಾಪುರದ ಕಡೆಯಿಂದ ಕಾವೇರಿ, ಇನ್ನೊಂದು ಕಡೆಯಿಂದ ಕಬಿನಿ. ಶುದ್ಧೀಕರಣವಾಗಿ ವಾಣಿ ವಿಲಾಸ ನೀರು ಸರಬರಾಜಿನ ಕೊಳವೆಗಳಲ್ಲಿ ಹರಿಯುವ ಈ ನೀರಿಗೆ ಆರ್ಸೆನಿಕ್‌ನ ಭಯ ಕಡಿಮೆ. ನಲ್ಲಿ ಇರುವ ಮನೆಯವರು ಗಾಬರಿಯಾಗಬೇಕಿಲ್ಲ. ಆದರೆ ವರ್ತುಲ ರಸ್ತೆ ದಾಟಿ ಬೆಳೆದ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಅವಲಂಬನೆ ಇದೆ. ಮೈಸೂರು ಸೀಮೆಯ ಗಟ್ಟಿ ಶಿಲೆಯಿಂದ ಬರುವ ಅಂತರ್ಜಲದಲ್ಲಿ ಮೊದಲು ನೋಡಬೇಕಾದದ್ದು ಫ್ಲೋರೈಡ್, ನೈಟ್ರೇಟ್ ಮತ್ತು ಗಡಸುತನ. ಆರ್ಸೆನಿಕ್ ಇಲ್ಲಿನ ದೊಡ್ಡ ಸಮಸ್ಯೆ ಎಂದು ಹೇಳಿದರೆ ತಪ್ಪಾಗುತ್ತದೆ. ಆದರೆ ಪರೀಕ್ಷೆಯನ್ನೇ ಮಾಡಿಸದೆ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಇನ್ನೊಂದು ಕಾರಣವೂ ಇದೆ. ಮೈಸೂರು ಪ್ರಯೋಗಾಲಯಗಳ ಊರು. 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ, ಮಾನಸಗಂಗೋತ್ರಿಯ ರಸಾಯನಶಾಸ್ತ್ರ ವಿಭಾಗ, ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಸಿಎಫ್‌ಟಿಆರ್‌ಐ, ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯ, ಇಂಜಿನಿಯರಿಂಗ್ ಕಾಲೇಜುಗಳು ಎಲ್ಲವೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಕರ್ನಾಟಕದಲ್ಲಿ ಆರ್ಸೆನಿಕ್ ನಿಜವಾಗಿ ಜನರನ್ನು ಕಾಡಿದ ಜಾಗ ಇಲ್ಲಿಂದ ಬಹಳ ದೂರ, ಯಾದಗಿರಿ ಮತ್ತು ರಾಯಚೂರು ಜಿಲ್ಲೆಗಳಲ್ಲಿ. ಕಾಯಿಲೆ ಇರುವಲ್ಲಿ ಉಪಕರಣವಿಲ್ಲ, ಉಪಕರಣ ಇರುವಲ್ಲಿ ಕಾಯಿಲೆಯಿಲ್ಲ. ಈ ದೂರವೇ ನಮ್ಮ ರಾಜ್ಯದ ಆರ್ಸೆನಿಕ್ ಸಮಸ್ಯೆಯ ಅರ್ಧ ಭಾಗ.

ಕಿರದಳ್ಳಿ ತಾಂಡಾದಲ್ಲಿ ಕಂಡದ್ದು

ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯದ್ದಲ್ಲ, ಯಾದಗಿರಿ ಜಿಲ್ಲೆಯದ್ದು. ಅದರ ಸುತ್ತಲಿನ ಹಸಿರು ಶಿಲೆಯ ಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದು ನಿಂತುಹೋಗಿತ್ತು. ಚಿನ್ನದ ಅದಿರಿನ ಜೊತೆಗೆ ಸಾಮಾನ್ಯವಾಗಿ ಆರ್ಸೆನೊಪೈರೈಟ್ ಎಂಬ ಖನಿಜ ಇರುತ್ತದೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಖನಿಜ ಇದು. ನೆಲದಾಳದಲ್ಲಿ ಗಾಳಿ ತಾಗದೆ ಇದ್ದಾಗ ಅದು ತೆಪ್ಪಗಿರುತ್ತದೆ. ಅಗೆದು, ಪುಡಿಮಾಡಿ, ಚಿನ್ನ ತೆಗೆದು ಉಳಿದ ಮಣ್ಣನ್ನು ಗುಡ್ಡೆ ಹಾಕಿದರೆ ಗಾಳಿ ಮತ್ತು ಮಳೆನೀರು ಅದನ್ನು ಕರಗಿಸತೊಡಗುತ್ತವೆ. ಗಣಿ ಮುಚ್ಚಿದರೂ ಈ ಕರಗುವಿಕೆ ನಿಲ್ಲುವುದಿಲ್ಲ.

ಆ ಪಟ್ಟಿಯಲ್ಲಿರುವ ಕಿರದಳ್ಳಿ ತಾಂಡಾದ ಜನರ ಚರ್ಮದಲ್ಲಿ ಕಪ್ಪು ಚುಕ್ಕೆ, ಅಂಗೈ ಅಂಗಾಲುಗಳಲ್ಲಿ ಗಂಟು ಕಾಣಿಸಿಕೊಂಡವು. ಪಶ್ಚಿಮ ಬಂಗಾಳದ ಆರ್ಸೆನಿಕ್ ಸಮಸ್ಯೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿನ ನೀರು, ಮಣ್ಣು, ಕೂದಲು, ಉಗುರುಗಳನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. 59 ಕೊಳವೆಬಾವಿಗಳ ನೀರಿನಲ್ಲಿ ಶೇ 79ರಷ್ಟು ಮಾದರಿಗಳು ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿಯನ್ನು ದಾಟಿದ್ದವು. ಅತಿ ಹೆಚ್ಚು ಕಂಡದ್ದು 303 ಮೈಕ್ರೊಗ್ರಾಂ, ಅಂದರೆ ಮಿತಿಯ ಮೂವತ್ತು ಪಟ್ಟು. ತಪಾಸಣೆಗೊಳಗಾದ 181 ಜನರಲ್ಲಿ ಶೇ 58.6 ಮಂದಿಗೆ ಆರ್ಸೆನಿಕ್‌ನಿಂದಾದ ಚರ್ಮದ ಗುರುತುಗಳಿದ್ದವು. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಎಲ್ಲರದ್ದರಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು.

ಇಂಥ ಚರ್ಮದ ಗುರುತುಗಳನ್ನು ಕುಷ್ಠವೆಂದು ತಪ್ಪು ತಿಳಿದು ಜನರನ್ನು ದೂರವಿಡುವುದು ಬಂಗಾಳದಲ್ಲೂ, ಬಾಂಗ್ಲಾದೇಶದಲ್ಲೂ ನಡೆದಿದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಒಂದೇ ಬಾವಿಯ ನೀರು ಕುಡಿದವರಿಗೆ ಒಟ್ಟಿಗೆ ಬರುವುದರಿಂದ ಅಂಟಿದಂತೆ ಕಾಣುತ್ತದೆ, ಅಷ್ಟೇ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್‌ಗೂ ದಾರಿಯಾಗುತ್ತದೆ. ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿನ ವಸ್ತುಗಳಲ್ಲಿ ಆರ್ಸೆನಿಕ್ ಸೇರಿದೆ. ಇದಕ್ಕೆ ಮದ್ದು ಕಡಿಮೆ. ಆ ನೀರು ಕುಡಿಯುವುದನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಬಂಗಾಳದ ಕಥೆಗೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಗಂಗೆ ತಂದು ಹಾಕಿದ ಮೆಕ್ಕಲು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡಿಗೆ ಅಂಟಿದ್ದ ಆರ್ಸೆನಿಕ್, ಆಮ್ಲಜನಕವಿಲ್ಲದ ನೆಲದಾಳದಲ್ಲಿ ಬಿಡುಗಡೆಯಾಗಿ ಜಿಲ್ಲೆಗಟ್ಟಲೆ ಹರಡಿದೆ. ನಮ್ಮದು ಗಟ್ಟಿ ಕಲ್ಲಿನ ಸೀಳುಗಳಲ್ಲಿ ಹರಿಯುವ ನೀರು. ಒಂದು ಕೊಳವೆಬಾವಿಯಲ್ಲಿ ಮಿತಿ ಮೀರಿದ್ದು ಪಕ್ಕದ ಬಾವಿಯಲ್ಲಿ ಏನೂ ಇಲ್ಲದಿರಬಹುದು. ಹಾಗಾಗಿ ಊರಿಗೊಂದು ಮಾದರಿ ತೆಗೆದು ತೀರ್ಮಾನ ಹೇಳುವಂತಿಲ್ಲ. ಬಾವಿ ಬಾವಿಯನ್ನೂ ನೋಡಬೇಕು. ಅಗ್ಗದ, ಹೊತ್ತೊಯ್ಯಬಹುದಾದ ಪರೀಕ್ಷೆ ಬೇಕಾಗಿರುವುದು ಇದಕ್ಕಾಗಿ.

ಹತ್ತು ಮೈಕ್ರೊಗ್ರಾಂ ಎಂದರೆ ಎಷ್ಟು

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1963ರ ಹೊತ್ತಿಗೆ ಲೀಟರಿಗೆ 50 ಮೈಕ್ರೊಗ್ರಾಂ ಇತ್ತು. 1993ರಲ್ಲಿ ಅದನ್ನು 10ಕ್ಕೆ ಇಳಿಸಲಾಯಿತು. ನಮ್ಮ ಕುಡಿಯುವ ನೀರಿನ ಮಾನಕ ಐಎಸ್ 10500ರ 2012ರ ಆವೃತ್ತಿ ಸಹ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೊಗ್ರಾಂ ಎನ್ನುತ್ತದೆ. ಬೇರೆ ನೀರಿನ ಮೂಲವಿಲ್ಲದಿದ್ದರೆ 50ರವರೆಗೆ ನಡೆಯುತ್ತದೆ ಎಂಬ ವಿನಾಯಿತಿಯೂ ಅದರಲ್ಲಿತ್ತು. ಆಮೇಲಿನ ತಿದ್ದುಪಡಿ ಅದನ್ನು ತೆಗೆದುಹಾಕಿತು. ತೆಗೆದದ್ದು ಸರಿ. ಬೇರೆ ನೀರಿಲ್ಲದವರ ದೇಹಕ್ಕೆ ವಿಷ ತಡೆದುಕೊಳ್ಳುವ ಶಕ್ತಿ ಹೆಚ್ಚೇನೂ ಇರುವುದಿಲ್ಲ.

ಮನೆಯ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿನಲ್ಲಿ ಅರ್ಧ ಅಕ್ಕಿಕಾಳಿನಷ್ಟು ತೂಕದ ಆರ್ಸೆನಿಕ್ ಕರಗಿದ್ದರೆ ನೀರು ಈ ಮಿತಿಯನ್ನು ಮುಟ್ಟುತ್ತದೆ. ಅಷ್ಟು ಸೂಕ್ಷ್ಮವಾದದ್ದನ್ನು ಹಿಡಿಯುವುದು ಪರೀಕ್ಷೆಯ ಸವಾಲು.

ಬಣ್ಣದ ಕಾಗದ, ದೊಡ್ಡ ಯಂತ್ರ

ಆರ್ಸೆನಿಕ್ ಪತ್ತೆಯ ಇತಿಹಾಸ ಶುರುವಾಗುವುದು ಕೊಲೆ ಪ್ರಕರಣಗಳಿಂದ. ಶಂಖಪಾಷಾಣ ಎಂದು ನಾವು ಕರೆಯುವ ಬಿಳಿ ಆರ್ಸೆನಿಕ್ ಯುರೋಪಿನಲ್ಲಿ ವಿಷಪ್ರಾಶನದ ಮಾಮೂಲಿ ಸಾಧನವಾಗಿತ್ತು. ಇಂಗ್ಲೆಂಡಿನ ಜೇಮ್ಸ್ ಮಾರ್ಷ್ 1836ರಲ್ಲಿ ಅದಕ್ಕೊಂದು ಪರೀಕ್ಷೆ ಪ್ರಕಟಿಸಿದ. ಸತು ಮತ್ತು ಆಮ್ಲ ಸೇರಿಸಿದರೆ ಆರ್ಸೆನಿಕ್ ಆರ್ಸೀನ್ ಎಂಬ ಅನಿಲವಾಗಿ ಹೊರಬರುತ್ತದೆ. ಆ ಅನಿಲವನ್ನು ಕಾಯಿಸಿದರೆ ಗಾಜಿನ ಮೇಲೆ ಕಪ್ಪು ಕನ್ನಡಿಯಂಥ ಲೇಪ ಕೂರುತ್ತದೆ. ಇಂದಿನ ಹಳ್ಳಿ ಪರೀಕ್ಷಾ ಕಿಟ್‌ಗಳೂ ಇದೇ ತತ್ವದವು. ಆರ್ಸೀನ್ ಅನಿಲ ಪಾದರಸದ ಬ್ರೋಮೈಡ್ ಸವರಿದ ಕಾಗದಕ್ಕೆ ತಾಗಿ ಹಳದಿಯಿಂದ ಕಂದಿಗೆ ಬಣ್ಣ ಬದಲಾಗುತ್ತದೆ. ಬಣ್ಣದ ಪಟ್ಟಿಯ ಜೊತೆ ಹೋಲಿಸಿ ಪ್ರಮಾಣ ಅಂದಾಜು ಮಾಡುತ್ತಾರೆ.

300 ಮೈಕ್ರೊಗ್ರಾಂ ಇದ್ದರೆ ಈ ಕಾಗದ ಚೆನ್ನಾಗಿ ಹೇಳುತ್ತದೆ. ಆದರೆ 8 ಇದೆಯೋ 15 ಇದೆಯೋ ಎಂಬುದನ್ನು ತಿಳಿ ಹಳದಿಯ ಎರಡು ಛಾಯೆಗಳ ನಡುವೆ ಕಣ್ಣಿನಿಂದ ಹೇಳುವುದು ಕಷ್ಟ. ತೀರ್ಮಾನ ಆಗಬೇಕಾದದ್ದೂ ಅಲ್ಲಿಯೇ. ಇನ್ನು ಹೈಡ್ರೈಡ್ ಅಟಾಮಿಕ್ ಅಬ್ಸಾರ್ಪ್ಷನ್, ಐಸಿಪಿ-ಎಂಎಸ್ ಮುಂತಾದ ಯಂತ್ರಗಳು ಒಂದು ಮೈಕ್ರೊಗ್ರಾಂ ಆಸುಪಾಸಿನ ಪ್ರಮಾಣವನ್ನೂ ನಿಖರವಾಗಿ ಅಳೆಯುತ್ತವೆ. ಕಿರದಳ್ಳಿಯ ನೀರಿನ ಲೆಕ್ಕ ಬಂದದ್ದೂ ಇಂಥ ಯಂತ್ರದಿಂದಲೇ. ಆದರೆ ಐಸಿಪಿ-ಎಂಎಸ್‌ನ ಬೆಲೆ ಕೋಟಿ ರೂಪಾಯಿಯ ಲೆಕ್ಕದ್ದು. ಎಸಿ ಕೋಣೆ, ಆರ್ಗಾನ್ ಸಿಲಿಂಡರ್, ನುರಿತ ಕೈ ಬೇಕು. ತಾಂಡಾದ ಬಾಟಲಿ ಬಸ್ಸು ಹತ್ತಿ ಅಲ್ಲಿಗೆ ಬರಬೇಕು. ಈ ಎರಡರ ನಡುವಿನ ಜಾಗವನ್ನು ತುಂಬಬಲ್ಲದ್ದು ವಿದ್ಯುದ್ರಸಾಯನ.

ಚಿನ್ನದ ತುದಿಯಲ್ಲಿ ನಡೆಯುವ ಕೆಲಸ

ವಿಧಾನದ ಪೂರ್ತಿ ಹೆಸರು ಆನೋಡಿಕ್ ಸ್ಟ್ರಿಪ್ಪಿಂಗ್ ವೋಲ್ಟಾಮೆಟ್ರಿ. ಇದರ ಬೇರು ಪ್ರಾಗ್‌ನ ಯಾರೊಸ್ಲಾವ್ ಹೆರೊವ್ಸ್ಕಿ 1922ರಲ್ಲಿ ಕಂಡುಹಿಡಿದ ಪೋಲರೊಗ್ರಫಿಯಲ್ಲಿದೆ. ಆ ಕೆಲಸಕ್ಕೆ ಅವರಿಗೆ 1959ರಲ್ಲಿ ನೊಬೆಲ್ ಬಂತು.

ಒಂದು ಸಣ್ಣ ಗಾಜಿನ ಪಾತ್ರೆಯಲ್ಲಿ ಹತ್ತು ಮಿಲಿಲೀಟರ್ ನೀರು, ಅದಕ್ಕೆ ಅಳತೆಯ ಹೈಡ್ರೋಕ್ಲೋರಿಕ್ ಆಮ್ಲ. ನೀರಿನಲ್ಲಿ ಮೂರು ಎಲೆಕ್ಟ್ರೋಡ್‌ಗಳು ಮುಳುಗಿರುತ್ತವೆ. ಒಂದು ಚಿನ್ನದ್ದು, ಕೆಲಸ ನಡೆಯುವುದು ಅದರ ಮೇಲೆ. ಎರಡನೆಯದು ಪ್ಲಾಟಿನಂ ತಂತಿ, ವಿದ್ಯುತ್ ಮಂಡಲ ಪೂರ್ತಿ ಮಾಡಲು. ಮೂರನೆಯದು ಬೆಳ್ಳಿ–ಬೆಳ್ಳಿ ಕ್ಲೋರೈಡಿನ ಆಧಾರ ಎಲೆಕ್ಟ್ರೋಡ್. ಎಷ್ಟು ವೋಲ್ಟ್ ಎಂಬುದನ್ನು ಅದಕ್ಕೆ ಹೋಲಿಸಿ ಹೇಳುತ್ತಾರೆ. ಮೂರನ್ನೂ ಪೊಟೆನ್ಷಿಯೊಸ್ಟಾಟ್ ಎಂಬ ಉಪಕರಣ ನಿಯಂತ್ರಿಸುತ್ತದೆ.

ಮೊದಲು ನೀರನ್ನು ಕಲಕುತ್ತಾ ಚಿನ್ನದ ಎಲೆಕ್ಟ್ರೋಡಿಗೆ ಸುಮಾರು ಮೈನಸ್ 0.3 ವೋಲ್ಟ್ ಕೊಟ್ಟು ಒಂದೆರಡು ನಿಮಿಷ ಬಿಡುತ್ತಾರೆ. ಹತ್ತಿರ ಬಂದ ಆರ್ಸೆನಿಕ್ ಪ್ರತಿ ಪರಮಾಣುವಿಗೆ ಮೂರು ಎಲೆಕ್ಟ್ರಾನ್ ಪಡೆದು ಚಿನ್ನದ ಮೇಲೆ ಘನವಾಗಿ ಕೂರುತ್ತದೆ. ಇಡೀ ವಿಧಾನದ ಜೀವಾಳ ಈ ಹಂತ. ನೀರಿನಲ್ಲಿ ಚದುರಿಹೋಗಿದ್ದ ವಸ್ತು ಒಂದು ಸೂಜಿ ತಲೆಯಷ್ಟು ಜಾಗದಲ್ಲಿ ಒಟ್ಟುಗೂಡುತ್ತದೆ. ಹೆಚ್ಚು ಹೊತ್ತು ಕೂಡಿಸಿದಷ್ಟೂ ಕಡಿಮೆ ಪ್ರಮಾಣವೂ ಕಾಣಿಸುತ್ತದೆ.

ಆಮೇಲೆ ಕಲಕುವುದನ್ನು ನಿಲ್ಲಿಸಿ ಕೆಲವು ಸೆಕೆಂಡು ನೀರು ನಿಲ್ಲಲು ಬಿಟ್ಟು, ವೋಲ್ಟನ್ನು ಮೆಲ್ಲಗೆ ಧನದ ಕಡೆಗೆ ಏರಿಸುತ್ತಾರೆ. 0.1 ವೋಲ್ಟಿನ ಆಸುಪಾಸಿಗೆ ಬಂದಾಗ ಕೂತಿದ್ದ ಆರ್ಸೆನಿಕ್ ಎಲೆಕ್ಟ್ರಾನ್‌ಗಳನ್ನು ಹಿಂದಕ್ಕೆ ಕೊಟ್ಟು ಒಮ್ಮೆಲೇ ನೀರಿಗೆ ಇಳಿಯುತ್ತದೆ. ಆ ಕ್ಷಣದ ವಿದ್ಯುತ್ ಪರದೆಯ ಮೇಲೆ ಒಂದು ಶಿಖರವಾಗಿ ಮೂಡುತ್ತದೆ. ಶಿಖರ ಎಲ್ಲಿ ಬಂತು ಎಂಬುದು ವಸ್ತು ಯಾವುದೆಂದು ಹೇಳುತ್ತದೆ. ಎಷ್ಟು ಎತ್ತರ ಬಂತು ಎಂಬುದು ಪ್ರಮಾಣ ಹೇಳುತ್ತದೆ. ಕಾಗದದ ಬಣ್ಣದ ಹಾಗೆ ನೋಡುವವರ ಕಣ್ಣಿಗೆ ಬಿಟ್ಟ ವಿಷಯ ಇದಲ್ಲ.

ಪ್ರತಿ ಬಾವಿಯ ನೀರಿನ ಉಪ್ಪಿನಂಶ ಬೇರೆ, ಆದ್ದರಿಂದ ಒಂದೇ ಪ್ರಮಾಣದ ಆರ್ಸೆನಿಕ್ ಎರಡು ನೀರಿನಲ್ಲಿ ಎರಡು ಎತ್ತರದ ಶಿಖರ ತೋರಿಸಬಹುದು. ಇದಕ್ಕೆ ಪರಿಹಾರವಾಗಿ ಅದೇ ಪಾತ್ರೆಗೆ ಗೊತ್ತಿರುವ ಪ್ರಮಾಣದ ಆರ್ಸೆನಿಕ್ ದ್ರಾವಣವನ್ನು ಎರಡು ಮೂರು ಸಲ ಸೇರಿಸಿ, ಶಿಖರ ಎಷ್ಟೆಷ್ಟು ಏರಿತು ಎಂದು ನೋಡಿ, ಮೂಲ ನೀರಿನಲ್ಲಿದ್ದುದನ್ನು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಪಳಗಿದವರು ಒಂದು ಮಾದರಿಯನ್ನು ಅರ್ಧ ಗಂಟೆಯೊಳಗೆ ಮುಗಿಸಬಲ್ಲರು. ಲೀಟರಿಗೆ ಒಂದು ಮೈಕ್ರೊಗ್ರಾಂಗಿಂತ ಕಡಿಮೆಯನ್ನೂ ಈ ವಿಧಾನ ಹಿಡಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪರೀಕ್ಷಾ ವಿಧಾನಗಳ ಸಂಗ್ರಹದಲ್ಲಿ 7063 ಎಂಬ ಸಂಖ್ಯೆಯಡಿ ಇದು ಸೇರಿದೆ.

ಉಪಕರಣದ ಬೆಲೆಯೂ ಇಳಿದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಚೀಪ್‌ಸ್ಟಾಟ್ ಎಂಬ ಅಂಗೈಯಗಲದ ಪೊಟೆನ್ಷಿಯೊಸ್ಟಾಟಿನ ವಿನ್ಯಾಸವನ್ನು ಯಾರು ಬೇಕಾದರೂ ಕಟ್ಟಿಕೊಳ್ಳುವಂತೆ ಬಿಡುಗಡೆ ಮಾಡಿದರು. ಬಿಡಿಭಾಗಗಳ ಖರ್ಚು 80 ಡಾಲರಿನ ಒಳಗೆ. ಚಿನ್ನದ ದಪ್ಪ ಕಡ್ಡಿಯ ಬದಲು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಚ್ಚೊತ್ತಿದ ಇಂಗಾಲಕ್ಕೆ ಚಿನ್ನದ ನ್ಯಾನೊಕಣ ಕೂರಿಸಿದ ಎಲೆಕ್ಟ್ರೋಡ್‌ಗಳೂ ಬಂದಿವೆ. ನಮ್ಮ ಯಾವ ಎಂಎಸ್ಸಿ ಪ್ರಯೋಗಾಲಯಕ್ಕೂ ಇದು ಕೈಗೆಟುಕದ ವಸ್ತುವಲ್ಲ.

ಎರಡು ರೂಪದ ಆರ್ಸೆನಿಕ್

ನೀರಿನಲ್ಲಿ ಆರ್ಸೆನಿಕ್ ಮುಖ್ಯವಾಗಿ ಎರಡು ರೂಪದಲ್ಲಿರುತ್ತದೆ. ಆಮ್ಲಜನಕ ಕಡಿಮೆಯಿರುವ ಆಳದ ನೀರಿನಲ್ಲಿ ಆರ್ಸೆನೈಟ್, ಗಾಳಿ ಆಡುವ ನೀರಿನಲ್ಲಿ ಆರ್ಸೆನೇಟ್. ಮೇಲೆ ಹೇಳಿದ ವೋಲ್ಟಿನಲ್ಲಿ ಚಿನ್ನದ ಮೇಲೆ ಸುಲಭವಾಗಿ ಕೂರುವುದು ಆರ್ಸೆನೈಟ್ ಮಾತ್ರ. ಆರ್ಸೆನೇಟ್ ಬರಬೇಕಾದರೆ ಸಲ್ಫೈಟ್ ಅಥವಾ ಸಿಸ್ಟೀನ್‌ನಂಥ ವಸ್ತು ಸೇರಿಸಿ ಅದನ್ನು ಮೊದಲು ಆರ್ಸೆನೈಟ್ ಮಾಡಿಕೊಳ್ಳಬೇಕು. ಈ ಹಂತ ಮರೆತ ವರದಿ ನೀರಿನ ಒಂದು ಪಾಲು ವಿಷವನ್ನು ಬಿಟ್ಟೇ ಲೆಕ್ಕ ಹೇಳುತ್ತದೆ.

ಹಾಗೆಂದು ಇದು ದೋಷ ಮಾತ್ರವಲ್ಲ, ಲಾಭವೂ ಹೌದು. ಎರಡು ಸಲ ಅಳೆದರೆ ಯಾವ ರೂಪ ಎಷ್ಟಿದೆ ಎಂದು ತಿಳಿಯುತ್ತದೆ. ಆರ್ಸೆನೈಟ್ ಹೆಚ್ಚು ವಿಷಕಾರಿ. ಸಾಧಾರಣ ಕುಡಿಯುವ ನೀರಿನಲ್ಲಿ ಅದಕ್ಕೆ ವಿದ್ಯುದಂಶ ಇರುವುದಿಲ್ಲವಾದ್ದರಿಂದ ಆರ್‌ಒ ಪೊರೆಯಾಗಲಿ, ಕಬ್ಬಿಣದ ಆಕ್ಸೈಡಿನ ಫಿಲ್ಟರಾಗಲಿ ಅದನ್ನು ಆರ್ಸೆನೇಟಿನಷ್ಟು ಚೆನ್ನಾಗಿ ತಡೆಯಲಾರವು. ಮೊದಲು ಕ್ಲೋರಿನ್ ಕೊಟ್ಟು ಆರ್ಸೆನೇಟ್ ಆಗಿಸಿ ಆಮೇಲೆ ಸೋಸಬೇಕು. ಐಐಟಿ ಮದರಾಸಿನ ಟಿ. ಪ್ರದೀಪ್ ಅವರ ತಂಡ ರೂಪಿಸಿದ, ಕಬ್ಬಿಣದ ಆಕ್ಸಿಹೈಡ್ರಾಕ್ಸೈಡ್ ಮತ್ತು ಕೈಟೊಸಾನ್ ಸೇರಿದ ಅಮೃತ್ ಎಂಬ ಶೋಧಕ ಎರಡೂ ರೂಪಗಳನ್ನು ಹೀರುತ್ತದೆ. ಯಾವ ಊರಿಗೆ ಯಾವ ಫಿಲ್ಟರು ಎಂಬುದನ್ನು ತೀರ್ಮಾನಿಸಲು ಒಟ್ಟು ಮೊತ್ತ ಸಾಲದು, ರೂಪವೂ ಬೇಕು.

ತಾಮ್ರದ ತಕರಾರು

ಈ ವಿಧಾನದ ದೊಡ್ಡ ಶತ್ರು ತಾಮ್ರ. ಆರ್ಸೆನಿಕ್ ಕೂರುವ ವೋಲ್ಟಿನಲ್ಲೇ ತಾಮ್ರವೂ ಚಿನ್ನದ ಮೇಲೆ ಕೂರುತ್ತದೆ, ಆರ್ಸೆನಿಕ್ ಜೊತೆ ಸೇರಿ ಸಂಯುಕ್ತವಾಗುತ್ತದೆ, ಶಿಖರವೂ ಪಕ್ಕದಲ್ಲೇ ಬರುತ್ತದೆ. ಫಲಿತಾಂಶ ಕೆಟ್ಟುಹೋಗುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ತಾಮ್ರದ ಬಿಂದಿಗೆಯಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿ ಇದೆ. ಆ ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆಗೆ ಕೊಡಬಾರದು. ಹಿತ್ತಾಳೆಯ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರೂ ಬೇಡ. ಮೋಟಾರು ಹಾಕಿ ಐದು ಹತ್ತು ನಿಮಿಷ ನೀರು ಹರಿಯಬಿಟ್ಟು, ಆಮೇಲೆ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಬೇಕು.

ಬಾಟಲಿಯನ್ನು ದಿನಗಟ್ಟಲೆ ಇಟ್ಟರೆ ಇನ್ನೊಂದು ತೊಂದರೆ. ಆಳದ ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿ ತುಕ್ಕಾಗಿ ತಳಕ್ಕೆ ಕೂರುತ್ತದೆ, ಕೂರುವಾಗ ಆರ್ಸೆನಿಕ್ಕನ್ನೂ ಎಳೆದುಕೊಂಡು ಹೋಗುತ್ತದೆ. ಮೇಲಿನ ತಿಳಿ ನೀರನ್ನು ಪರೀಕ್ಷಿಸಿದರೆ ಎಲ್ಲ ಸರಿಯಿದೆ ಎಂದು ಬರುತ್ತದೆ. ಇದನ್ನು ತಪ್ಪಿಸಲು ತೆಗೆದ ಜಾಗದಲ್ಲೇ ಆಮ್ಲ ಸೇರಿಸಬೇಕು, ಇಲ್ಲವೇ ಅಲ್ಲೇ ಅಳೆಯಬೇಕು. ಸುರಪುರದ ಬಾಟಲಿ ಮೈಸೂರಿಗೆ ಬರುವುದಕ್ಕಿಂತ ಮೈಸೂರಿನಲ್ಲಿ ಕಲಿತವರು ಉಪಕರಣ ಹಿಡಿದು ಸುರಪುರಕ್ಕೆ ಹೋಗುವುದು ವಿಜ್ಞಾನದ ದೃಷ್ಟಿಯಿಂದಲೂ ಮೇಲು.

ಟಿಡಿಎಸ್ ಪೆನ್ನು ಮತ್ತು ಕಂದು ನೀರು

ವಾಟರ್ ಫಿಲ್ಟರ್ ಮಾರುವವರು ಮನೆಗೆ ತರುವ ಟಿಡಿಎಸ್ ಪೆನ್ನು ನೀರಿನ ಒಟ್ಟು ಉಪ್ಪಿನಂಶದ ಅಂದಾಜು ಕೊಡುತ್ತದೆ. 500 ಎಂದು ತೋರಿಸಿದರೆ ಲೀಟರಿಗೆ 500 ಮಿಲಿಗ್ರಾಂ ಎಂದರ್ಥ. ಆರ್ಸೆನಿಕ್ ಮಿತಿ ಅದರ ಐವತ್ತು ಸಾವಿರದಲ್ಲಿ ಒಂದು ಪಾಲು. ಪೆನ್ನಿಗೆ ಅದು ಕಾಣುವುದೇ ಇಲ್ಲ. ಊರೂರಿನ ಶುದ್ಧ ನೀರಿನ ಘಟಕಗಳಲ್ಲಿ ಟಿಡಿಎಸ್ ಕಡಿಮೆ ಬಂದಿದೆ ಎಂಬುದೂ ಆರ್ಸೆನಿಕ್ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ಇನ್ನೊಂದು ಆಟ ಎರಡು ಲೋಟದ್ದು. ನಿಮ್ಮ ನೀರಿನಲ್ಲಿ ಲೋಹದ ಕಡ್ಡಿಗಳನ್ನು ಇಳಿಸಿ ಕರೆಂಟು ಕೊಟ್ಟಾಗ ನೀರು ಕಂದಾಗಿ ಗಸಿ ಏಳುತ್ತದೆ, ಆರ್‌ಒ ನೀರು ತಿಳಿಯಾಗೇ ಉಳಿಯುತ್ತದೆ. ಆ ಕಂದು ಬಣ್ಣ ಕಡ್ಡಿಯ ಕಬ್ಬಿಣವೇ ಕರಗಿ ಬಂದದ್ದು. ಉಪ್ಪಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಉಪ್ಪಿಲ್ಲದ ನೀರಿನಲ್ಲಿ ಹರಿಯುವುದಿಲ್ಲ, ವಿಷಯ ಅಷ್ಟೇ. ಇದು ವಿಷದ ಪರೀಕ್ಷೆಯೂ ಅಲ್ಲ, ಈ ಲೇಖನದಲ್ಲಿ ಹೇಳಿದ ವಿಧಾನವೂ ಅಲ್ಲ. ಇದನ್ನು ನೋಡಿ ಹೆದರಿ ಹಣ ಕೊಟ್ಟವರು ಬಹಳ.

ಪರೀಕ್ಷೆ ಮಾಡಿಸುವವರಿಗೆ

ಕೊಳವೆಬಾವಿ ನೀರು ಕುಡಿಯುವವರು ಒಮ್ಮೆಯಾದರೂ ಅದರ ಆರ್ಸೆನಿಕ್ ನೋಡಿಸಬೇಕು. ಬಾವಿಯನ್ನು ಇನ್ನೂ ಆಳಕ್ಕೆ ಕೊರೆಸಿದರೆ ಮತ್ತೊಮ್ಮೆ ನೋಡಿಸಬೇಕು, ಏಕೆಂದರೆ ನೀರು ಬರುವ ಕಲ್ಲಿನ ಸೀಳು ಬದಲಾಗಿರುತ್ತದೆ. ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಪಿಎಚ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್ ನೋಡಿ ಬಿಡುತ್ತಾರೆ; ಆರ್ಸೆನಿಕ್ ಬೇಕೆಂದು ಹೆಸರು ಹೇಳಿ ಕೇಳಬೇಕು. ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯವೇ ಎಂದು ವಿಚಾರಿಸಿ. ವರದಿಯಲ್ಲಿ "ಸರಿಯಿದೆ" ಎಂಬ ಮಾತಿಗಿಂತ ಸಂಖ್ಯೆ ಕೇಳಿ, ಅಳೆದ ವಿಧಾನದ ಹೆಸರು ಕೇಳಿ, ಎರಡೂ ರೂಪಗಳು ಸೇರಿ ಒಟ್ಟು ಎಷ್ಟು ಎಂದು ಕೇಳಿ.

ಹಳ್ಳಿಗಳಲ್ಲಿ 2019ರಲ್ಲಿ ಶುರುವಾದ ಜಲಜೀವನ ಮಿಷನ್ ಅಡಿ ಊರಿಗೆ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ. ಅದು ಒಳ್ಳೆಯ ಮೊದಲ ಜರಡಿ. ಕಿಟ್ಟಿನಲ್ಲಿ ಅನುಮಾನ ಬಂದ ಬಾವಿಯನ್ನು ಅದೇ ವಾರ ನಿಖರವಾಗಿ ಅಳೆಯಲು ಯಾದಗಿರಿ, ರಾಯಚೂರಿನ ತಾಲ್ಲೂಕು ಪ್ರಯೋಗಾಲಯಗಳಿಗೆ ತಲಾ ಒಂದು ಸ್ಟ್ರಿಪ್ಪಿಂಗ್ ಉಪಕರಣ ಮತ್ತು ಅದನ್ನು ಬಲ್ಲ ಒಬ್ಬ ರಸಾಯನ ಪದವೀಧರ ಬೇಕು. ಮೈಸೂರಿನ ವಿಶ್ವವಿದ್ಯಾನಿಲಯ ಮತ್ತು ಕಾಲೇಜುಗಳು ಪ್ರತಿ ವರ್ಷ ಅಂಥ ಪದವೀಧರರನ್ನು ಹೊರಗೆ ಕಳಿಸುತ್ತವೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಅಧ್ಯಾಪಕರು ರಾಯಚೂರು ಜಿಲ್ಲೆಯ ಹಟ್ಟಿ, ಯಾದಗಿರಿಯ ಮಂಗಳೂರು, ಕಿರದಳ್ಳಿ ಸುತ್ತಲಿನ ಬಾವಿಗಳನ್ನು ದಯವಿಟ್ಟು ಪಟ್ಟಿಗೆ ಸೇರಿಸಿಕೊಳ್ಳಲಿ. ಬಂದ ಸಂಖ್ಯೆಗಳನ್ನು ಪ್ರಬಂಧಕ್ಕೆ ಹಾಕುವ ಮೊದಲು ಆ ಬಾವಿಯ ನೀರು ಕುಡಿಯುವವರಿಗೆ, ಅವರ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಬರೆದು ಕೊಡಲಿ.